ಒಳಗಡೆ ಚಂದವಿರಬೇಕಾದ ಪೆಟ್ಟಿಗೆ

2024ರ ಜನವರಿ 16, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಕೋಡಂಬಾಕ್ಕಂ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿರುವ ತಮ್ಮ ಮರಗೆಲಸದ ಶೆಡ್ಡಿನಲ್ಲಿ ಏಕಾಂತಪ್ಪನವರು ಒಂದು ದೊಡ್ಡ ಮರದ ಪೆಟ್ಟಿಗೆಯ ಹೊರಮೈಗೆ ಹಸಿರು ಬಣ್ಣದ ಎರಡನೆಯ ಕೋಟು ಬಳಿಯುತ್ತಿದ್ದರು. ಪೆಟ್ಟಿಗೆಯ ಉದ್ದ ಒಂಬತ್ತು ಅಡಿ, ಎತ್ತರ ಆರೂವರೆ ಅಡಿ. ಮೂಲೆಗಳಿಗೆಲ್ಲ ಉರುಟಾದ ಅಂಚುಪಟ್ಟಿ ಕೂರಿಸಿದ್ದರು. ಬಾಗಿಲಿನ ನೆತ್ತಿಯ ಮೇಲೆ, ಯಾರೂ ಕೇಳದಿದ್ದರೂ, ಎರಡು ಎಲೆಯ ಒಂದು ಸಣ್ಣ ಬಳ್ಳಿ ಕೆತ್ತಿದ್ದರು. ಕುಂಚ ಕೆಳಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು. ಚೆನ್ನಾಗಿ ಬಂದಿತ್ತು.

ಅಂದು ಮಾಟ್ಟುಪ್ಪೊಂಗಲ್, ದನಗಳ ಹಬ್ಬ. ಓಣಿಯ ಹಾಲಿನವನ ಎರಡು ಹಸುಗಳು ಮಿಂದು, ಕೊಂಬಿಗೆ ಒಂದು ಕಡೆ ನೀಲಿ, ಒಂದು ಕಡೆ ಕೆಂಪು ಹಚ್ಚಿಸಿಕೊಂಡು ಶೆಡ್ಡಿನ ಮುಂದೆಯೇ ನಿಂತಿದ್ದವು. ರಜೆಯ ದಿನವಾದರೂ ಕೆಲಸಕ್ಕೆ ಬಂದಿದ್ದ ದಿನೇಶ ಅವುಗಳನ್ನು ನೋಡಿ ನಕ್ಕ. ದಿನೇಶನಿಗೆ ನಲವತ್ತಾರು ವರ್ಷ. ಏಕಾಂತಪ್ಪನವರ ಜೊತೆಗೇ ಉಳಿ ಹಿಡಿದು ಇಪ್ಪತ್ತೆಂಟು ವರ್ಷವಾಗಿತ್ತು. ಮನೆಮಾತು ಕನ್ನಡವಾದರೂ ಓದಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ಅವನ ಮಾತಿನಲ್ಲಿ ಅರ್ಧ ತಮಿಳು.

"ಮೇಸ್ತ್ರಿ, ನಮ್ಮ ಹೀರೋ ಕೊಂಬಿಗೂ ಒಂದು ಕೋಟು ಅಡಿಚ್ಚಿಬಿಡೋಣವಾ?"

"ಹಚ್ಚು ಹೋಗು. ಬ್ರಶ್ ಹಿಡಕೊಂಡು ನೀ ಮುಂದ ನಡಿ. ನಾ ಗೇಟಿನ ಹೊರಗ ನಿಂತು ನೋಡತೀನಿ, ಬಣ್ಣ ಸರಿ ಕೂತೈತೋ ಇಲ್ಲೋ ಅಂತ."

ಹೀರೋ ಎಂದರೆ ನಾಲ್ಕು ವರ್ಷದ ಒಂದು ಕಾಡುಕೋಣ. ಪೆರುಂಗುಡಿಯ ಗಾಜಿನ ಕಚೇರಿಗಳನ್ನೆಲ್ಲ ದಾಟಿ, ನಗರ ಮುಗಿದ ಮೇಲೆ ಸಿಗುವ ಒಂದು ವನ್ಯಪ್ರಾಣಿ ಸಂವರ್ಧನಾ ಕೇಂದ್ರದಲ್ಲಿ ಹುಟ್ಟಿದ್ದು. ದಾಖಲೆಯಲ್ಲಿ ಅದರ ಹೆಸರು ಏಳನೇ ಸಂಖ್ಯೆ. ಆದರೆ ಸಿನಿಮಾ ಸೆಟ್ಟುಗಳಲ್ಲಿ ಬೆಳೆದ ಬಡಿಗರಿಗೆ, ಯಾರಿಗಾಗಿ ಮನೆ ಕಟ್ಟುತ್ತಾರೋ ಅವನು ಹೀರೋ. ಆ ಹೀರೋವನ್ನು ಕರುಂಪಾರೈ ಎಂಬ ಗುಡ್ಡಸಾಲಿಗೆ ಒಯ್ದು ಬಿಡಬೇಕಾಗಿತ್ತು. ಅಲ್ಲಿ ಕಾಡುಕೋಣ ಕೊನೆಯ ಬಾರಿ ಕಂಡದ್ದು 1966ರಲ್ಲಿ. ಮೇಯುವ ದೊಡ್ಡ ಬಾಯಿ ಇಲ್ಲದೆ ಹುಲ್ಲು ಆಳೆತ್ತರ ಬೆಳೆದು ಒರಟಾಗಿತ್ತು, ಅದರ ಕೆಳಗೆ ಎಳೆ ಹುಲ್ಲು ಏಳುತ್ತಿರಲಿಲ್ಲ, ಜಿಂಕೆಗಳೂ ಆ ಬದಿ ಬಿಟ್ಟಿದ್ದವು. ಮೊದಲು ಒಂದು ಗಂಡು, ಆಮೇಲೆ ಮೂರು ಹೆಣ್ಣು ಎಂದು ಯೋಜನೆಯಾಗಿತ್ತು. ನಾಲ್ಕಕ್ಕೂ ಸೇರಿ ಪೆಟ್ಟಿಗೆ ಒಂದೇ. ಒಂದೊಂದಾಗಿ ನಾಲ್ಕು ಸಲ ಹೋಗಿಬರಬೇಕು.

ಏಳು ಗಂಟೆ ಹದಿನೈದಕ್ಕೆ ಪ್ರಣಮ್ಯಾ ಬಂದಳು. ಯೋಜನೆಯ ಪಶುವೈದ್ಯೆ ಅವಳೇ. ತಾಯಿ ರತ್ನಾವತಿ ಟಿ. ನಗರದಲ್ಲಿ ನಡೆಸುವ ಹೋಟೆಲಿನಿಂದ ಬಿಸಿ ಇಡ್ಲಿ, ಪೊಂಗಲ್ ಕಟ್ಟಿಸಿಕೊಂಡು ತಂದಿದ್ದಳು. ಆ ಹೋಟೆಲಿನ ಮರದ ಅಡ್ಡಗೋಡೆ, ಕೈತೊಳೆಯುವ ಜಾಗದ ತಟ್ಟಿ ಎಲ್ಲ ಏಕಾಂತಪ್ಪನವರದೇ ಕೆಲಸ. ಚಿಕ್ಕಂದಿನಿಂದ ನೋಡಿದ್ದರಿಂದ ಅವಳಿಗೆ ಅವರು ಮಾಮ, ಅವರಿಗೆ ಅವಳು ಓದಿ ಮುಗಿಸಿದ ದಿನದಿಂದ ಡಾಕ್ಟರವ್ವ.

"ಹೊರಗೆ ಭಾರೀ ಚಂದ ಆಗಿದೆ ಮಾಮ," ಎಂದಳು. ಮೊಬೈಲಿನ ಬೆಳಕು ಹಚ್ಚಿ, ಪೆಟ್ಟಿಗೆಯ ಬಾಗಿಲಿನಿಂದ ಕೈ ಒಳಗೆ ಹಾಕಿ ಗೋಡೆಯ ಮೇಲೆ ಸವರಿದಳು. ಕೈ ಹಿಂದಕ್ಕೆ ತೆಗೆದಳು. ಹೆಬ್ಬೆರಳ ಬುಡದಲ್ಲಿ ಸಣ್ಣ ಗೀರು ಬಿದ್ದಿತ್ತು.

"ಮಾಮ, ಈ ಅಡ್ಡಪಟ್ಟಿ, ಮೊಳೆತುದಿ ಎಲ್ಲ ಒಳಗೆ ಉಂಟಲ್ಲ?"

"ಹೌದವಾ. ಮತ್ತೆಲ್ಲಿರತಾವ? ಹೊರಗಿದ್ರ ಕಾಣತಾವಲ್ಲ."

"ಯಾರಿಗೆ ಕಾಣಬಾರದು?"

ಏಕಾಂತಪ್ಪನವರು ಬಗ್ಗಿ ಪೆಟ್ಟಿಗೆಯ ಒಳಗೆ ನೋಡಿದರು. ಮತ್ತೆ ಕೈಗೆತ್ತಿಕೊಂಡಿದ್ದ ಕುಂಚದಿಂದ ಹಸಿರು ಬಣ್ಣ ಒಂದು ಹನಿ ಚಪ್ಪಲಿಯ ಮೇಲೆ ಬಿತ್ತು. ಮೊದಲು ಅರ್ಥವಾದದ್ದು ದಿನೇಶನಿಗೆ.

"ಮೇಸ್ತ್ರಿ," ಎಂದ ಮೆಲ್ಲಗೆ, "ಈ ಸಲ ಹೀರೋ ಹೊರಗಿಲ್ಲ. ಉಳ್ಳೆ ಇರೋದು. ಒಳಗಡೆ."

ಈ ತಪ್ಪು ಹೇಗಾಯಿತು ಎಂದು ತಿಳಿಯಬೇಕಾದರೆ ಏಕಾಂತಪ್ಪನವರ ಕೈ ಯಾವ ಪಾಠ ಕಲಿತದ್ದು ಎಂದು ತಿಳಿಯಬೇಕು. ಅವರ ತಂದೆ ರಾಣೆಬೆನ್ನೂರಿನ ಕಡೆಯವರು. ಒಂದು ನಾಟಕ ಕಂಪನಿಯ ಬಡಿಗರಾಗಿ ಊರೂರು ಸುತ್ತಿ, ಕನ್ನಡ ಸಿನಿಮಾಗಳೂ ಇಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಕೋಡಂಬಾಕ್ಕಂಗೆ ಬಂದು ನಿಂತರು. ಮಗ ಹತ್ತೊಂಬತ್ತನೆಯ ವಯಸ್ಸಿಗೆ ಅಪ್ಪನ ಉಳಿ ಹಿಡಿದ. ಈಗ ಅವರಿಗೆ ಅರವತ್ತಾರು. ಈ ನಡುವೆ ಅವರು ಕಟ್ಟಿದ ಅರಮನೆ, ಆಸ್ಪತ್ರೆ, ನ್ಯಾಯಾಲಯ, ಗುಡಿಸಲುಗಳ ಲೆಕ್ಕ ಮುನ್ನೂರು ದಾಟುತ್ತದೆ. ಒಂದಕ್ಕೂ ಹಿಂಭಾಗ ಇರಲಿಲ್ಲ.

ಸೆಟ್ಟಿನ ಗೋಡೆಗೆ ಒಂದೇ ಮುಖ. ಕ್ಯಾಮೆರಾ ನೋಡುವ ಕಡೆ ನಯವಾದ ಹಲಗೆ, ಬಣ್ಣ, ಕೆತ್ತನೆ. ನೋಡದ ಕಡೆ ಹಲಗೆಗಳನ್ನು ಹಿಡಿದಿಡುವ ಅಡ್ಡಪಟ್ಟಿಗಳು, ಈಚೆ ತೂರಿ ಬಂದ ಮೊಳೆಯ ತುದಿಗಳು, ಸೀಮೆಸುಣ್ಣದ ಗುರುತುಗಳು. ಬಡಿಗ ನಿಲ್ಲುವುದು ಎಂದೂ ಚಂದದ ಕಡೆಗೇ. ನಲವತ್ತೈದು ವರ್ಷಕ್ಕೂ ಮಿಕ್ಕಿ ಅವರು ಹಾಗೆಯೇ ಗೋಡೆ ಎಬ್ಬಿಸಿದ್ದರು. ಅಕ್ಟೋಬರಿನಲ್ಲಿ ಪ್ರಣಮ್ಯಾ ನಕ್ಷೆ ತಂದು ಕೊಟ್ಟಾಗಲೂ ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ನಕ್ಷೆಯಲ್ಲಿ ಅಳತೆಗಳೆಲ್ಲ ಸರಿಯಾಗಿದ್ದವು. ಪಟ್ಟಿ ಯಾವ ಕಡೆ ಬರಬೇಕು ಎಂದು ಮಾತ್ರ ಬರೆದಿರಲಿಲ್ಲ. ಅದನ್ನೂ ಬರೆಯಬೇಕು ಎಂದು ಅವಳಿಗೆ ಹೊಳೆದಿರಲಿಲ್ಲ. ಪ್ರಾಣಿ ಒಳಗಿರುವ ಪೆಟ್ಟಿಗೆಗೆ ನಯವಾದ ಮುಖ ಒಳಗಿರಬೇಕು ಎನ್ನುವುದು ಅವಳಿಗೆ ಉಸಿರಾಟದಷ್ಟು ಸಹಜ.

ಪೆಟ್ಟಿಗೆಯ ಕೆಲಸ ಬಂದ ದಿನ ಏಕಾಂತಪ್ಪನವರು ಕೇಳಿದ ಮೊದಲ ಪ್ರಶ್ನೆ, "ಯಾವ ಪಿಚ್ಚರಿಗೆ?" ಎಂದು. ಯಾವ ಪಿಚ್ಚರಿಗೂ ಅಲ್ಲ, ನಿಜವಾದ ಪ್ರಾಣಿ, ನಿಜವಾದ ಕಾಡು ಎಂದಾಗ ಹೇಳಿದ್ದರು: "ಹಂಗಾದ್ರ ನಾ ಕಟ್ಟಿದ್ದರೊಳಗ ಒಂದು ಜೀವ ಇರೂದು ಇದೇ ಮೊದಲು." ಆ ಮಾತು ಅವಳಿಗೆ ನೆನಪಿತ್ತು. ಅದಕ್ಕೇ ಈಗ ಬೈಯಲು ಬಾಯಿ ಬರಲಿಲ್ಲ.

ಹಾಗೆಂದು ಸಮಯ ನಿಲ್ಲುವುದಿಲ್ಲವಲ್ಲ. ಅವಳು ಬೆರಳು ಮಡಚುತ್ತ ಹೇಳಿದಳು. ಶುಕ್ರವಾರ ಹತ್ತೊಂಬತ್ತರಂದು ಪೆಟ್ಟಿಗೆ ಕೇಂದ್ರಕ್ಕೆ ತಲುಪಬೇಕು. ಅಲ್ಲಿಂದ ಇಪ್ಪತ್ತೊಂದು ದಿನ ಹೀರೋಗೆ ಅದರೊಳಗೇ ಮೇವು ಹಾಕಿ ಹಾಕಿ, ಅದು ಹೆದರದೆ ತಾನಾಗಿ ಒಳಗೆ ನಡೆಯುವಂತೆ ಅಭ್ಯಾಸ ಮಾಡಿಸಬೇಕು. ಫೆಬ್ರವರಿ ಒಂಬತ್ತರ ಸಂಜೆ ಲಾರಿ ಹೊರಡಬೇಕು. ಸಾಗಿಸುವ ಅನುಮತಿ ಹನ್ನೆರಡಕ್ಕೆ ಮುಗಿಯುತ್ತದೆ. ಆಮೇಲೆ ಗುಡ್ಡದಲ್ಲಿ ಹುಲ್ಲು ಒಣಗುತ್ತದೆ, ಮುಂದಿನ ವರ್ಷದವರೆಗೆ ಕಾಯಬೇಕು.

"ತಡವಾದರೆ ಕಬ್ಬಿಣದ ಪೆಟ್ಟಿಗೆ ತರಿಸುವ ಅಂತ ಯೋಜನೆಯ ಸಮಿತಿಯವರು ಮೊದಲೇ ಹೇಳಿದ್ದಾರೆ ಮಾಮ. ನಾನೇ ಬೇಡ ಅಂದದ್ದು. ಬಿಸಿಲಿಗೆ ಕಾಯ್ತದೆ, ಕೊಂಬು ತಾಗಿದರೆ ಗಂಟೆ ಹೊಡೆದ ಹಾಗೆ ಶಬ್ದ. ಆ ಶಬ್ದಕ್ಕೇ ಹೆದರಿ ಪ್ರಾಣಿ ಇನ್ನೂ ಜೋರಾಗಿ ಹಾಯ್ತದೆ."

"ಹೊಸದು ಮಾಡೂಣು," ಎಂದರು ಏಕಾಂತಪ್ಪ.

"ಮರ ಎಂಗೆ ಸಿಗುತ್ತೆ ಮೇಸ್ತ್ರಿ? ನಾಳೆ ಕಾಣುಂ ಪೊಂಗಲ್. ಟಿಂಬರ್ ಡಿಪೋ ಎಲ್ಲಾ ಬೀಗ," ಎಂದ ದಿನೇಶ. "ಗುರುವಾರ ತೆರೆದರೂ, ತಳದ ಚೌಕಟ್ಟಿನ ತೊಲೆ ಕೊಯ್ಸಿ, ತೂತು ಹೊಡೆದು, ಬೋಲ್ಟ್ ಬಿಗಿದು... ಎಟ್ಟು ದಿನ. ಎಂಟು."

ಇಡ್ಲಿ ಆರುತ್ತಿತ್ತು. ಏಕಾಂತಪ್ಪನವರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. ಎರಡನೆಯ ಸುತ್ತಿಗೆ ಅವರ ನಡಿಗೆ ಬದಲಾಗಿತ್ತು. ಅದನ್ನು ದಿನೇಶ ಗಮನಿಸಿ, ಎದ್ದು ಸ್ಪ್ಯಾನರು ಹುಡುಕತೊಡಗಿದ.

ಸೆಟ್ಟಿನ ಗೋಡೆಗೆ ಒಂದೇ ಮುಖ ಇರುವುದು ಎಷ್ಟು ನಿಜವೋ, ಅದನ್ನು ಬಿಚ್ಚಲೆಂದೇ ಕಟ್ಟುತ್ತಾರೆ ಎನ್ನುವುದೂ ಅಷ್ಟೇ ನಿಜ. ಬೆಳಿಗ್ಗೆ ರಾಜನ ದರ್ಬಾರು, ಮಧ್ಯಾಹ್ನದ ಊಟದ ನಂತರ ಅದೇ ಗೋಡೆ ಪೊಲೀಸ್ ಠಾಣೆ. ಈ ಪೆಟ್ಟಿಗೆಯ ಗೋಡೆಗಳನ್ನೂ ಏಕಾಂತಪ್ಪನವರು ತಮ್ಮ ರೂಢಿಯಂತೆ ಹದಿನಾರು ಬೋಲ್ಟುಗಳಲ್ಲಿ ನಿಲ್ಲಿಸಿದ್ದರು.

"ಬಿಚ್ಚಿ ಹೊರಳಿ ಹಾಕೂದು," ಎಂದರು. "ಒಳಗಿಂದು ಹೊರಗ, ಹೊರಗಿಂದು ಒಳಗ. ಮೂರು ತಾಸಿನ ಕೆಲಸ. ಬಣ್ಣ ಹೆರದು ತಗಿಯೂದು ಒಂದು ದಿನ."

ಪ್ರಣಮ್ಯಾ ಚೀಲದಿಂದ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದಳು. ಲೆಕ್ಕ ಸುಲಭದ್ದೇ. ತಳದ ಚೌಕಟ್ಟಿನ ಅಗಲ ನಲವತ್ತೆರಡು ಇಂಚು. ಹಲಗೆಯ ದಪ್ಪ ಒಂದು, ಪಟ್ಟಿಯ ದಪ್ಪ ಎರಡು, ಒಂದು ಗೋಡೆಗೆ ಮೂರು ಇಂಚು. ನಕ್ಷೆಯಂತೆ ಹಲಗೆಯಿಂದ ಹಲಗೆಗೆ ನಲವತ್ತು ಇಂಚು ಇತ್ತು. ಆದರೆ ಪಟ್ಟಿಗಳು ಅದರೊಳಗೆ ಚಾಚಿದ್ದವು. ಅದೇ ಚೌಕಟ್ಟಿನ ಮೇಲೆ ಗೋಡೆ ಹೊರಳಿಸಿದರೆ ಪಟ್ಟಿಗಳು ಹೊರಗೆ ಬರುತ್ತವೆ, ಹಲಗೆಗಳು ಒಳಕ್ಕೆ ಸರಿಯುತ್ತವೆ. ನಲವತ್ತೆರಡರಲ್ಲಿ ಆರು ಹೋದರೆ ಉಳಿಯುವ ಅಗಲ ನಕ್ಷೆಗಿಂತ ನಾಲ್ಕು ಇಂಚು ಕಡಿಮೆ.

"ಸಾಲುದಿಲ್ಲ ಮಾಮ. ನಲವತ್ತು ಬೇಕು."

"ಆ ನಲವತ್ತು ಯಾರದು?"

"ಯಾರದು ಅಂದರೆ? ಕೈಪಿಡಿಯಲ್ಲಿ ಉಂಟು. ಬೆಳೆದ ಗಂಡು ಕಾಡುಕೋಣಕ್ಕೆ ನಲವತ್ತು."

"ಕೈಪಿಡಿ ನಮ್ಮ ಹೀರೋನ್ನ ನೋಡೈತೇನು?"

ಅವಳಿಗೆ ನಗು ಬಂತು, ಆದರೆ ಪ್ರಶ್ನೆ ಸರಿಯಾಗಿತ್ತು. ನಾಲ್ಕು ವರ್ಷದ ಗಂಡು ಪೂರ್ತಿ ಬೆಳೆದಿರುವುದಿಲ್ಲ. ಅದರ ತೂಕ ಗೊತ್ತಿತ್ತು, ಕೊಂಬಿನ ಹೊರ ಅಗಲ ಇಪ್ಪತ್ತೆಂಟು ಇಂಚು ಎಂದು ಗೊತ್ತಿತ್ತು. ಹೊಟ್ಟೆಯ ಬಳಿಯ ಅಗಲವನ್ನು ಯಾರೂ ಅಳೆದಿರಲಿಲ್ಲ. ಟೇಪು ಹಿಡಿದು ಹತ್ತಿರ ಹೋಗುವ ಪ್ರಾಣಿಯಲ್ಲ ಅದು. ಅಳತೆಗೋಸ್ಕರ ಮಂಪರು ಮದ್ದು ಕೊಡುವುದು ಅವಳಿಗೆ ಇಷ್ಟವಿರಲಿಲ್ಲ.

"ನಿಯಮ ಏನೈತಿ? ಮೈ ಅಗಲಕ್ಕ ಎಷ್ಟು ಹೆಚ್ಚಿಡಬೇಕು?"

"ನಾಲ್ಕರಿಂದ ಆರು ಇಂಚು. ಕಡಿಮೆಯಾದರೆ ಮಲಗಿ ಏಳ್ಲಿಕ್ಕೆ ಕಷ್ಟ. ಜಾಸ್ತಿಯಾದರೆ ತಿರುಗ್ಲಿಕ್ಕೆ ಹೋಗಿ ಕುತ್ತಿಗೆ ಸಿಕ್ಕಿಸಿಕೊಳ್ತದೆ."

"ಹಂಗಾದ್ರ ನಾಳೆ ಅಳೀತೀನಿ," ಎಂದರು ಏಕಾಂತಪ್ಪ. "ಟೇಪ್ ಬ್ಯಾಡ, ಮದ್ದು ಬ್ಯಾಡ. ಕಿರೀಟದ ಅಳತಿ ತಗೊಳ್ಳೂದು."

ಕಿರೀಟದ ಅಳತೆ ಎನ್ನುವುದು ಪೌರಾಣಿಕ ಸಿನಿಮಾಗಳ ಕಾಲದ ಒಂದು ರೂಢಿ. ಅವರ ತಂದೆ ಕಟ್ಟಿದ್ದ ಒಂದು ಅರಮನೆಯ ಬಾಗಿಲಲ್ಲಿ ಭುಜಕೀರ್ತಿ ತೊಟ್ಟ ರಾಜನೊಬ್ಬ ಅಡ್ಡಡ್ಡ ಸಿಕ್ಕಿಕೊಂಡಿದ್ದನಂತೆ. ಅಂದಿನಿಂದ, ಬಾಗಿಲು ಕಟ್ಟುವ ಮೊದಲು ಎರಡು ಕೋಲುಗಳಿಗೆ ಸೀಮೆಸುಣ್ಣದ ಪುಡಿ ಬಳಿದು ನೇತುಹಾಕಿ, ವೇಷ ಕಟ್ಟಿದ ನಟನನ್ನು ನಡುವೆ ನಡೆಸುವುದು. ಸುಣ್ಣ ಎರಡೂ ಕಡೆ ತಾಗುವವರೆಗೆ ಕೋಲುಗಳನ್ನು ಹತ್ತಿರ ತರುವುದು. ತಾಗಿದ ಕೂಡಲೇ ನಡುವಿನ ದೂರ ಅಳೆದು ಮೇಸ್ತ್ರಿ ಗಟ್ಟಿಯಾಗಿ ಕೂಗಬೇಕು. ಕೆಲಸದವರು ತಿರುಗಿ ಕೂಗಬೇಕು. ಕೂಗಿ ಹೇಳದ ಅಳತೆಗೆ ಗರಗಸ ಇಡುವುದಿಲ್ಲ.

ಆ ಸಂಜೆ ಮನೆಯಲ್ಲಿ ಏಕಾಂತಪ್ಪನವರು ನಡೆದದ್ದನ್ನೆಲ್ಲ ಹೆಂಡತಿ ಶಂಕ್ರಮ್ಮನಿಗೆ ಹೇಳಿದರು. ಶಂಕ್ರಮ್ಮ ಕೇಳಿ ಮುಗಿಸಿ, ಎದ್ದು ಹೋಗಿ ಬಟ್ಟೆಯ ಕಪಾಟಿನ ಬಾಗಿಲು ತೆರೆದರು. ಹೊರಗೆ ಹಂಸ ಕೆತ್ತಿದ ಆ ಕಪಾಟು ಮದುವೆಯಾದ ಮೂರನೇ ವರ್ಷ ಏಕಾಂತಪ್ಪನವರೇ ಮಾಡಿದ್ದು.

"ಕೈ ಹಾಕ್ರಿ ಒಳಗ."

"ಗೊತ್ತೈತಿ ಬಿಡ."

"ಏನು ಗೊತ್ತೈತಿ? ಇಲ್ಲೀತನಕ ಆರು ಸೀರಿ ಹರದಾವ. ಹೇಳಿ ಹೇಳಿ ನನ್ನ ಹಲ್ಲು ಸವದ್ವು. 'ಹೊರಗ ನೋಡ, ಹೆಂಗ ಕಾಣತೈತಿ' ಅಂತಿದ್ರಿ. ಕೋಣಕ್ಕ ಗೀರಿದ ಮ್ಯಾಲ ಬುದ್ಧಿ ಬಂತು."

"ಕೋಣಕ್ಕ ಇನ್ನೂ ಗೀರಿಲ್ಲ. ಡಾಕ್ಟರವ್ವಗ ಗೀರೇತಿ."

"ಅಕಿ ಪುಣ್ಯಾತಗಿತ್ತಿ. ಒಂದೇ ಗೀರಿಗೆ ನಿಮಗ ತಿಳೀತು."

ಬೈದು ಮುಗಿದ ಮೇಲೆ ಶಂಕ್ರಮ್ಮ ಒಳಗಿನಿಂದ ಒಂದು ಡಬ್ಬಿ ತಂದಿಟ್ಟರು. ಬಾಗಿಲ ಮುಂದೆ ಕೋಲ, ಅಂದರೆ ರಂಗೋಲಿ, ಹಾಕುವ ಹಿಟ್ಟು. ಅಂಗಡಿಯಲ್ಲಿ ಸಿಗುವ ಕಲ್ಲಿನ ಪುಡಿಯನ್ನು ಅವರು ಮನೆಗೆ ತರುತ್ತಿರಲಿಲ್ಲ. ಹಬ್ಬದ ಕೋಲವನ್ನು ಇರುವೆ ತಿನ್ನಬೇಕು ಎಂದು ಅಕ್ಕಿಯನ್ನೇ ಬೀಸಿಕೊಳ್ಳುತ್ತಿದ್ದರು. "ಸುಣ್ಣ ಬಳೀಬ್ಯಾಡ್ರಿ. ಅದು ಮೈ ನೆಕ್ಕಿಕೊಳ್ಳೂದಿಲ್ಲೇನು? ಇದನ್ನ ಹಚ್ಚರಿ," ಎಂದರು. ಮರುದಿನ ಪ್ರಣಮ್ಯಾ ಕೇಳಬೇಕೆಂದಿದ್ದ ಮೊದಲ ಪ್ರಶ್ನೆಯೇ ಅದು. ಡಬ್ಬಿ ನೋಡಿ ಅವಳು ಕೇಳಲಿಲ್ಲ.

ಬುಧವಾರ ಕಾಣುಂ ಪೊಂಗಲ್. ನಗರವೆಲ್ಲ ಸಮುದ್ರ ದಂಡೆಗೆ, ಬಂಧುಗಳ ಮನೆಗೆ ಹೊರಟಿತ್ತು. ಸಾಮಾನು ಸಾಗಿಸುವ ಪುಟ್ಟ ಗಾಡಿಯೊಂದರಲ್ಲಿ (ಇಲ್ಲಿನವರು ಅದನ್ನು ಕುಟ್ಟಿಯಾನೆ, ಅಂದರೆ ಮರಿಯಾನೆ ಎನ್ನುತ್ತಾರೆ) ಬಿದಿರುಕೋಲು, ಹಗ್ಗ, ಹಿಟ್ಟಿನ ಡಬ್ಬಿ ಹಾಕಿಕೊಂಡು ಏಕಾಂತಪ್ಪ, ದಿನೇಶ ಇಬ್ಬರೂ ಕೇಂದ್ರ ತಲುಪುವಾಗ ಹತ್ತೂವರೆ.

ಹೀರೋವನ್ನು ಏಕಾಂತಪ್ಪನವರು ಅದುವರೆಗೆ ಫೋಟೋದಲ್ಲಷ್ಟೇ ನೋಡಿದ್ದರು. ಬೇಲಿಯ ಆಚೆ ಅದು ತಲೆ ಎತ್ತಿ ನಿಂತಿತ್ತು. ಮೈ ಕಪ್ಪಿಗೆ ತಿರುಗುತ್ತಿದ್ದ ಕಂದು, ಮೊಣಕಾಲಿನಿಂದ ಕೆಳಗೆ ಬಿಳಿ. ಬೆನ್ನಿನ ಮೇಲೆ ಕುತ್ತಿಗೆಯಿಂದ ನಡುವಿನವರೆಗೆ ಒಂದು ಏರು. ಏಕಾಂತಪ್ಪನವರು ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿದರು, ಆಮೇಲೆ ಎರಡನ್ನೂ ತೆರೆದರು.

"ಸಾಕ್ಸ್ ಹಾಕ್ಕೊಂಡ ಹಂಗೆ ಇದೆ ಮೇಸ್ತ್ರಿ," ಎಂದ ದಿನೇಶ.

"ಹೀರೋ ಅಲ್ಲನು? ಮೇಕಪ್ ಮಾಡಿಸ್ಕೊಂಡೇ ಬಂದಾನ."

ಬಯಲಿನಿಂದ ಮೇವಿನ ತೊಟ್ಟಿಗೆ ಹೋಗಲು ಅಲ್ಲಿ ಒಂದು ಓಣಿಯಂತಹ ದಾರಿ ಇತ್ತು. ಅದರ ನಡುವೆ ಮೇಲಿನ ಅಡ್ಡ ತೊಲೆಯಿಂದ ಎರಡು ಬಿದಿರುಕೋಲು ನೇತುಹಾಕಿದರು. ತಾಗಿದರೆ ತೂಗಿ ದಾರಿ ಬಿಡುವಂತೆ ಕೆಳಗೆ ಕಟ್ಟಲಿಲ್ಲ. ಕೋಲುಗಳಿಗೆ ಒದ್ದೆ ಗೋಣಿ ಸುತ್ತಿ ಹಿಟ್ಟು ಬಳಿದರು. ಮೊದಲ ಸಲ ನಲವತ್ತು ಇಂಚು. ಹೀರೋ ಬಂತು, ಕೋಲನ್ನು ಮೂಸಿತು, ಎಂಟು ನಿಮಿಷ ಯೋಚಿಸಿತು, ದಾಟಿತು. ಮೈಮೇಲೆ ಏನೂ ಇಲ್ಲ. ಮೂವತ್ತೆಂಟು, ಏನೂ ಇಲ್ಲ. ಪ್ರತಿ ಸಲವೂ ಸ್ವಲ್ಪವೇ ಹುಲ್ಲು ಹಾಕಿ, ಹಿಂದಕ್ಕೆ ಕಳಿಸಿ, ಮತ್ತೆ ಕರೆಯಬೇಕು. ಮೂವತ್ತನಾಲ್ಕರಲ್ಲಿ ಕೋಲುಗಳ ನಡುವೆ ನಿಂತು ಸಗಣಿ ಹಾಕಿತು. ಮೂವತ್ತೆರಡರಲ್ಲಿ ಎಡ ಪಕ್ಕೆಗೆ ಮಾತ್ರ ತೆಳ್ಳಗೆ ಬಿಳಿ. ಮಧ್ಯಾಹ್ನ ಒಂದೂಕಾಲಕ್ಕೆ ಮೂವತ್ತೊಂದರಲ್ಲಿ ದಾಟಿದಾಗ ಎರಡೂ ಪಕ್ಕೆಗಳ ಮೇಲೆ ಶಂಕ್ರಮ್ಮನ ಹಿಟ್ಟು ಒಂದೊಂದು ಗೆರೆಯಾಗಿ ಮೂಡಿತ್ತು.

ಪ್ರಣಮ್ಯಾ ನೋಟ್‌ಬುಕ್ ನೋಡಿದಳು. ಮೂವತ್ತೊಂದಕ್ಕೆ ನಾಲ್ಕು ಸೇರಿಸಿದಳು, ಆರು ಸೇರಿಸಿದಳು. ಹೊರಳಿಸಿದ ಪೆಟ್ಟಿಗೆಯ ಅಗಲ ಎರಡರ ಸರಿಯಾಗಿ ನಡುವೆ ಬರುತ್ತಿತ್ತು. ನಕ್ಷೆಯ ನಲವತ್ತರಲ್ಲಿ ಹೀರೋಗೆ ತಿರುಗಲು ಮನಸ್ಸಾಗುವಷ್ಟು ಜಾಗ ಉಳಿಯುತ್ತಿತ್ತು.

"ಮಾಮ," ಎಂದಳು, "ನೀವೇ ಹೇಳಿ. ಅಳತೆ ಕೂಗಬೇಕಾದದ್ದು ಮೇಸ್ತ್ರಿ ಅಲ್ಲವಾ?"

ಏಕಾಂತಪ್ಪನವರು ಗಂಟಲು ಸರಿಮಾಡಿಕೊಂಡು ಒಳ ಅಗಲವನ್ನು ಕೂಗಿದರು. ದಿನೇಶ ತಿರುಗಿ ಕೂಗಿದ. ರೂಢಿ ಗೊತ್ತಿಲ್ಲದ ಪ್ರಣಮ್ಯಾಳೂ ಒಂದು ಕ್ಷಣ ತಡವಾಗಿ ಕೂಗಿದಳು. ಹೀರೋ ತೊಟ್ಟಿಯಿಂದ ತಲೆ ಎತ್ತಿ ಮೂವರನ್ನೂ ನೋಡಿ, ಮತ್ತೆ ಮೇಯತೊಡಗಿತು. ಆ ಸಂಜೆ ಅವಳು ಸಮಿತಿಗೆ ಬರೆದ ಟಿಪ್ಪಣಿಯಲ್ಲಿ ಎರಡು ಸಾಲು ಸೇರಿಸಿದಳು: ಮೊದಲ ನಕ್ಷೆಯಲ್ಲಿ ಪಟ್ಟಿ ಯಾವ ಬದಿಗೆ ಎಂದು ನಾನು ಸೂಚಿಸಿರಲಿಲ್ಲ, ಅಗಲವನ್ನು ಪ್ರಾಣಿಯ ಅಳತೆಗೆ ಅನುಸಾರವಾಗಿ ತಿದ್ದಲಾಗಿದೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬೋಲ್ಟು ಬಿಚ್ಚತೊಡಗಿದರು. ಹತ್ತೂಮುಕ್ಕಾಲಿಗೆ ಗೋಡೆಗಳೆಲ್ಲ ನೆಲದ ಮೇಲೆ ಮಲಗಿದ್ದವು. ಬಣ್ಣ ಉಳಿಯುವಂತಿರಲಿಲ್ಲ. ಒಳಗೆ ಅದರ ವಾಸನೆ ಕಟ್ಟಿಕೊಳ್ಳುತ್ತದೆ, ಹೀರೋ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಅಂಚುಪಟ್ಟಿಯೂ ಉಳಿಯುವಂತಿರಲಿಲ್ಲ. ಏಕಾಂತಪ್ಪನವರು ಬೇರೆ ಯಾರಿಗೂ ಬಿಡದೆ ತಾವೇ ಕೀಸುಳಿ ಹಿಡಿದು ಕೂತರು. ಮಂಗಳವಾರ ಒಂದು ಕಣ್ಣು ಮುಚ್ಚಿ ನೋಡಿ ಮೆಚ್ಚಿದ್ದೆಲ್ಲ ಹಸಿರು ಸುರುಳಿಗಳಾಗಿ ಅವರ ಮಡಿಲಿಗೆ ಬಿತ್ತು. ಬಾಗಿಲಿನ ಬಳ್ಳಿಯ ಹತ್ತಿರ ಕೀಸುಳಿ ಒಂದು ಗಳಿಗೆ ನಿಂತಿತು.

"ಅದಾದ್ರೂ ಇರಲಿ ಮೇಸ್ತ್ರಿ," ಎಂದ ದಿನೇಶ.

"ಎಲೆ ಏಣು ಐತಿ ನೋಡು. ಅವನ ಹಣಿ ತಾಗತೈತಿ," ಎಂದು ಅದನ್ನೂ ಹೆರೆದರು.

ಹಲಗೆಯ ಮೇಲಿದ್ದ ಮೊಳೆತಲೆಗಳನ್ನು ಒಂದೊಂದಾಗಿ ಒಳಕ್ಕೆ ಬಡಿದು, ಕುಳಿಗಳಿಗೆ ಅಂಟಿನಲ್ಲಿ ಕಲಸಿದ ಮರದ ಪುಡಿ ತುಂಬಿದರು. ಪಟ್ಟಿಯ ಕಡೆ ತೂರಿದ್ದ ತುದಿಗಳನ್ನು ಮಡಚಿ ಬಡಿದರು. ಒಟ್ಟು ನಾನೂರ ಹದಿನೆಂಟು ಮೊಳೆ. ಗೋಡೆ ಮತ್ತೆ ಎಬ್ಬಿಸಿದ ಮೇಲೆ ಏಕಾಂತಪ್ಪನವರು ಪೆಟ್ಟಿಗೆಯೊಳಗೆ ಹೋಗಿ, ಅಂಗಿ ಬಿಚ್ಚಿ, ಬರಿಮೈಯನ್ನು ಗೋಡೆಗೆ ಒರಸಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಮೊದಲು ಎಡಮೈ, ಆಮೇಲೆ ಬಲಮೈ. ಎರಡು ಕಡೆ ಚುರುಕ್ ಎಂದಿತು. ಅಲ್ಲಿ ಗುರುತು ಹಾಕಿ ತಿದ್ದಿ, ಮತ್ತೊಮ್ಮೆ ನಡೆದರು. ಈ ಸಲ ಏನೂ ಇಲ್ಲ. ಆ ಹೊತ್ತಿಗೆ ಶಂಕ್ರಮ್ಮ ಊಟದ ಡಬ್ಬಿ ತಂದವರು ಬಾಗಿಲಲ್ಲೇ ನಿಂತು ನೋಡಿದರು.

"ಬಾಳ ಚಲೋ ಆತು," ಎಂದರು. "ಇನ್ನ ಮನಿಗೆ ಬಂದು ಕಪಾಟಿನ ಒಳಗೂ ಹಿಂಗ ಒಮ್ಮೆ ಹೋಗಿಬರ್ರಿ."

ಶುಕ್ರವಾರ ಪೆಟ್ಟಿಗೆ ಲಾರಿಯೇರಿತು. ಹೊರಮೈ ತುಂಬ ಪಟ್ಟಿ, ಮಡಚಿದ ಮೊಳೆ, ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು. ಪೆರುಂಗುಡಿಯ ಸಿಗ್ನಲಿನಲ್ಲಿ ಗಾಜಿನ ಕಟ್ಟಡಗಳ ಮುಂದೆ ಲಾರಿ ನಿಂತಾಗ ಏಕಾಂತಪ್ಪನವರು ಚಾಲಕನ ಪಕ್ಕದ ಸೀಟಿನಲ್ಲಿ ಸ್ವಲ್ಪ ಕೆಳಕ್ಕೆ ಜಾರಿ ಕೂತರು. ತಮ್ಮ ಗೋಡೆಯ ಬೆನ್ನನ್ನು ಅಷ್ಟೊಂದು ಜನರಿಗೆ ಅವರು ಎಂದೂ ತೋರಿಸಿರಲಿಲ್ಲ. ಸಂಜೆ ನಾಲ್ಕಕ್ಕೆ ಇಪ್ಪತ್ತು ನಿಮಿಷ ಇರುವಾಗ ಪೆಟ್ಟಿಗೆ ಕೇಂದ್ರದಲ್ಲಿ ಇಳಿಯಿತು.

ಅಭ್ಯಾಸದ ಐದನೆಯ ದಿನ ಹೀರೋ ಮುಂಗಾಲು ಒಳಗಿಟ್ಟಿತು. ಒಂಬತ್ತನೆಯ ದಿನ ಪೂರ್ತಿ ಒಳಗೆ ಹೋಗಿ ಮೇಯ್ದಿತು. ಹದಿನಾರನೆಯ ದಿನ ಒಳಗೇ ಮಲಗಿ ಮೆಲುಕು ಹಾಕುತ್ತಿತ್ತು. ಈ ಮೂರೂ ಸುದ್ದಿಗಳು ಫೋಟೋ ಸಮೇತ ಏಕಾಂತಪ್ಪನವರ ಮೊಬೈಲಿಗೆ ಬಂದವು. ಮೂರನೆಯದನ್ನು ಅವರು ಓಣಿಯ ಹಾಲಿನವನಿಗೂ ತೋರಿಸಿದರು.

ಫೆಬ್ರವರಿ ಒಂಬತ್ತರ ಸಂಜೆ ಐದಕ್ಕೆ ಹೊರಟ ಲಾರಿ ಮರುದಿನ ಬೆಳಗಿನ ಜಾವ ಕರುಂಪಾರೈ ಸೇರಿತು. ಬಾಗಿಲಿನ ಬೆಣೆ ಗೊತ್ತಿದ್ದವರು ಬೇಕೆಂದು ಪ್ರಣಮ್ಯಾ ಏಕಾಂತಪ್ಪನವರನ್ನೂ ಕರೆದುಕೊಂಡು ಹೋಗಿದ್ದಳು. ಗುಡ್ಡದ ಮಡಿಲಲ್ಲಿ ಮೂವತ್ತು ಎಕರೆಗೆ ಬೇಲಿ ಹಾಕಿದ್ದರು. ಎರಡು ತಿಂಗಳು ಅಲ್ಲಿ ಹೊಂದಿಕೊಂಡ ಮೇಲೆ ಬೇಲಿಯನ್ನೂ ತೆಗೆಯುವುದು ಎಂದಾಗಿತ್ತು. ಆರು ಗಂಟೆ ಐವತ್ತೆರಡಕ್ಕೆ ಏಕಾಂತಪ್ಪನವರು ಲಾರಿಯ ನೆತ್ತಿಯ ಮೇಲೆ ಕೂತು ಹಗ್ಗ ಎಳೆದರು. ಬಾಗಿಲು ಸದ್ದಿಲ್ಲದೆ ಮೇಲೆದ್ದಿತು.

ಏನೂ ಆಗಲಿಲ್ಲ. ಚಾಲಕ ಕೈಗಡಿಯಾರ ನೋಡಿದ. ಅರಣ್ಯ ರಕ್ಷಕರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ಪ್ರಣಮ್ಯಾ ತಲೆ ಎತ್ತಿ ಏಕಾಂತಪ್ಪನವರ ಕಡೆ ನೋಡಿದಳು.

"ಶಾಟ್ ರೆಡಿ ಆದ ಕೂಡಲೇ ಯಾವ ಹೀರೋನೂ ಬರಂಗಿಲ್ಲವಾ," ಎಂದು ಏಕಾಂತಪ್ಪನವರು ಮೇಲಿನಿಂದಲೇ ಪಿಸುಗುಟ್ಟಿದರು. "ಅವನಿಗೂ ಒಂದು ಮರ್ಯಾದಿ ಅಂತ ಇರತೈತಿ."

ಹನ್ನೊಂದನೆಯ ನಿಮಿಷಕ್ಕೆ ಮೂಗು ಕಂಡಿತು. ಆಮೇಲೆ ಕೊಂಬು, ಏರು ಬೆನ್ನು, ಬಿಳಿಯ ಕಾಲುಗಳು. ಇಳಿಜಾರು ಹಲಗೆಯ ಮೇಲೆ ನಿಧಾನವಾಗಿ ಇಳಿದು, ಆಳೆತ್ತರದ ಹುಲ್ಲಿನ ಮುಂದೆ ನಿಂತು ಒಂದು ಬಾಯಿ ಕಿತ್ತಿತು. ಅಗಿಯುತ್ತಲೇ ಒಳಗೆ ನಡೆಯಿತು. ಹುಲ್ಲು ಎರಡಾಗಿ ಬಾಗಿ, ಹಿಂದೆ ಒಂದು ದಾರಿ ಉಳಿಯಿತು.

ಎಲ್ಲರೂ ಹುಲ್ಲಿನ ಕಡೆ ನೋಡುತ್ತಿದ್ದಾಗ ಏಕಾಂತಪ್ಪನವರು ಕೆಳಗಿಳಿದು ಖಾಲಿ ಪೆಟ್ಟಿಗೆಯೊಳಗೆ ಹೋದರು. ಉಸಿರಿನ ಕಾವಿಗೆ ಹಲಗೆ ಇನ್ನೂ ಬೆಚ್ಚಗಿತ್ತು. ಎರಡೂ ಗೋಡೆಗಳ ಮೇಲೆ ಅಂಗೈ ಒತ್ತಿ ತುದಿಯವರೆಗೆ ಸವರಿದರು. ಅಂಗೈಗೆ ಅಂಟಿದ್ದು ನಾಲ್ಕಾರು ಕಂದು ಕೂದಲು. ರಕ್ತ ಇರಲಿಲ್ಲ, ಗೀರು ಇರಲಿಲ್ಲ. ಕೂದಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಗೆ ಬಂದರು.

"ಎಂತ ಮಾಮ ಅದು?"

"ಶಂಕ್ರಮ್ಮಗ ತೋರಸಬೇಕು. ಸೀರಿ ದಾರ ಅಲ್ಲ ಅಂತ."

ಗುಡ್ಡದಲ್ಲಿ ಹುಲ್ಲು ಮತ್ತೆ ಹಸಿರಾದ ಮೇಲೆ ಮೂರು ಹೆಣ್ಣುಗಳೂ ಒಂದೊಂದಾಗಿ ಅದೇ ಪೆಟ್ಟಿಗೆಯಲ್ಲಿ ಹೋದವು. ಗಂಡಿಗಿಂತ ಮೈ ಸಣ್ಣದಾದ್ದರಿಂದ ಪ್ರತಿಯೊಂದಕ್ಕೂ ಮೇವಿನ ಓಣಿಯಲ್ಲಿ ಕಿರೀಟದ ಅಳತೆ ತೆಗೆದು, ಗೋಡೆಗೆ ಬೇಕಾದಷ್ಟು ದಪ್ಪದ ನಯವಾದ ಹಲಗೆ ಸೇರಿಸಿ, ಕೊನೆಗೆ ತೆಗೆದರು. ಹಿಟ್ಟು ಶಂಕ್ರಮ್ಮನದೇ. ಕಪಾಟಿನ ಒಳಗೆಲ್ಲ ಹೆರೆದು ಹೊಸ ಹಲಗೆ ಕೂರಿಸಿದ್ದು ಹೀರೋ ಹೋದ ಮರುತಿಂಗಳು, ಮಾರ್ಚಿನಲ್ಲಿ. ಹೊರಗಿನ ಹಂಸಕ್ಕೆ ಬಣ್ಣ ಹೋಗಿದೆ, ಹಚ್ಚಬೇಕು ಎಂದು ಶಂಕ್ರಮ್ಮ ಹೇಳಿದರೆ, ಹಚ್ಚೂಣು ಬಿಡ, ಅವಸರ ಏನೈತಿ ಎನ್ನುತ್ತಾರೆ.

ಕೆಲಸ ಮುಗಿದ ಪೆಟ್ಟಿಗೆ ಈಗ ಕರುಂಪಾರೈಯ ಅರಣ್ಯ ಶಿಬಿರದ ಮುಂದೆ, ಹಿಂದುಮುಂದಿನ ಎರಡೂ ಬಾಗಿಲು ತೆರೆದುಕೊಂಡು ನಿಂತಿದೆ. ಈ ವರ್ಷದ ಪೊಂಗಲ್ ಮುಗಿದ ವಾರ ಅಲ್ಲಿನ ಶಾಲೆಯ ಮಕ್ಕಳನ್ನು ಪ್ರಣಮ್ಯಾ ಕರೆದಿದ್ದಳು. ಮೂರು ಹೆಣ್ಣುಗಳಲ್ಲಿ ಒಂದು ಕರು ಹಾಕಿದ ಸುದ್ದಿ ಬಂದ ವಾರವೂ ಅದೇ. ಏಕಾಂತಪ್ಪನವರೂ ಹೋಗಿದ್ದರು. ಮಕ್ಕಳು ಪೆಟ್ಟಿಗೆಯ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತ, ಗೋಡೆಗೆ ಕೈ ಸವರುತ್ತ ಆಡುತ್ತಿದ್ದರು. ನಮ್ಮ ತಾತ ನೋಡಿದ್ದ ಕಾಟೆರುಮೈ, ಅಂದರೆ ಕಾಡುಕೋಣ, ಇಷ್ಟು ವರ್ಷದ ಮೇಲೆ ಯಾವ ದಾರಿಯಿಂದ ವಾಪಸು ಬಂತು ಎಂದು ಒಬ್ಬಳು ಕೇಳಿದಳು. ಪ್ರಣಮ್ಯಾ ಪೆಟ್ಟಿಗೆಯ ಬಾಗಿಲು ತೋರಿಸಿದಳು. ಇಷ್ಟೇ ಇಷ್ಟು ಅಗಲದ್ದಾ ಎಂದು ಹುಡುಗಿ ನಂಬಲಿಲ್ಲ. ಎಷ್ಟಿದೆ ಎಂದು ಗೋಡೆಯಿಂದ ಗೋಡೆಗೆ ಗೇಣು ಹಾಕಿ ನೋಡಿದಳು, ಲೆಕ್ಕ ತಪ್ಪಿ ಮತ್ತೆ ಹಾಕಿದಳು. ಪ್ರಣಮ್ಯಾ ಏಕಾಂತಪ್ಪನವರ ಕಡೆ ತಿರುಗಿದಳು. ಅವರು ನಕ್ಕು ಕೈಯಾಡಿಸಿದರು, ಒಮ್ಮೆ ಕೂಗಿದ ಅಳತೆಯನ್ನು ಮೇಸ್ತ್ರಿ ಮತ್ತೆ ಕೂಗುವುದಿಲ್ಲ. ಆಗ ಅವಳೇ, ಕಾಣುಂ ಪೊಂಗಲ್ ದಿನ ಮೇವಿನ ಓಣಿಯಲ್ಲಿ ಅವರು ಗಂಟಲು ಸರಿಮಾಡಿಕೊಂಡು ಹೇಳಿದ್ದನ್ನು ಅದೇ ರಾಗದಲ್ಲಿ ಮಕ್ಕಳಿಗೆ ಕೇಳುವಂತೆ ಹೇಳಿದಳು: ಮೂವತ್ತಾರು ಇಂಚು.